ಹೊಲ ಪ್ಲಾಟಾಗುವ ಮೊದಲು ರಸ್ತೆಯ ವಿಚಾರ ಮಾಡಿರಿ



ಕಮಲಾಪುರದ ಕಡೆಯಿಂದ ಕಲಬುರಗಿಯ ನೆಹರು ಗಂಜಿಗೆ ತೊಗರಿ ಒಯ್ಯುವವರಿಗೆ ಹುಮನಾಬಾದ ರಸ್ತೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುರಿಕೋಟಾ ಸೇತುವೆ, ಮಹಾಗಾಂವ ಕ್ರಾಸ್, ಅವರಾದ, ಕಪನೂರು ಇವನ್ನೆಲ್ಲ ದಾಟಿ ಗಂಜು ಸೇರುವ ಈ ದಾರಿಯಲ್ಲಿ ನಿಮ್ಮ ಹಿರಿಯರು ಎತ್ತಿನ ಬಂಡಿ ಹೊಡೆದಿದ್ದಾರೆ. ಈಗ ಇದು ರಾಷ್ಟ್ರೀಯ ಹೆದ್ದಾರಿ 50. ಮಹಾರಾಷ್ಟ್ರದ ನಾಂದೇಡದ ಕಡೆಯಿಂದ ಬೀದರ, ಹುಮನಾಬಾದ, ಕಮಲಾಪುರ, ಕಲಬುರಗಿ, ವಿಜಯಪುರ, ಹೊಸಪೇಟೆಗಳ ಮೇಲೆ ಚಿತ್ರದುರ್ಗದವರೆಗೆ ಹೋಗುತ್ತದೆ. ಹಗಲು ರಾತ್ರಿಯೆನ್ನದೆ ಹೊರರಾಜ್ಯದ ಲಾರಿಗಳೂ ಬಸ್ಸುಗಳೂ ಇದರ ಮೇಲೆ ಓಡುತ್ತವೆ.

ರಸ್ತೆ ಬದಲಾದಂತೆ ರಸ್ತೆ ಬದಿಯ ಹೊಲವೂ ಬದಲಾಗುತ್ತಿದೆ. 2011ರ ಜನಗಣತಿಯಲ್ಲಿಯೇ ಕಲಬುರಗಿ ನಗರದ ಜನಸಂಖ್ಯೆ 5 ಲಕ್ಷ 30 ಸಾವಿರ ದಾಟಿತ್ತು. 2017ರ ಅಕ್ಟೋಬರ್ 29ರಂದು ಬೀದರ-ಕಲಬುರಗಿ ರೈಲು ಮಾರ್ಗ ಆರಂಭವಾಯಿತು. 2018ರಲ್ಲಿ ಕಮಲಾಪುರ ಹೊಸ ತಾಲ್ಲೂಕಾಯಿತು. 2019ರ ನವೆಂಬರ್ 22ರಂದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಊರು ಹೀಗೆ ಬೆಳೆಯುವಾಗ ಹೆದ್ದಾರಿಗೆ ಹೊಂದಿದ ಎರಡು ಎಕರೆ ಎರೆಹೊಲಕ್ಕೆ ತೊಗರಿಯ ಲೆಕ್ಕದ ಬೆಲೆ ಉಳಿಯುವುದಿಲ್ಲ. ಪ್ಲಾಟಿನ ಲೆಕ್ಕದ ಬೆಲೆ ಬರುತ್ತದೆ. ಕಲ್ಲು ನೆಡುತ್ತಾರೆ, ಢಾಬಾ, ಪೆಟ್ರೋಲ್ ಬಂಕ್, ಗೋದಾಮು, ಕಲ್ಯಾಣ ಮಂಟಪ, ಶಾಲೆ ಏಳುತ್ತವೆ.

ಇವು ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಗನಿಗೆ ಊರ ಹತ್ತಿರ ಮನೆ ಬೇಕು, ಮಗಳಿಗೆ ಶಾಲೆ ಬೇಕು, ತೊಗರಿಗೆ ಗೋದಾಮು ಬೇಕು. ಹೇಳಬೇಕಾದ ಮಾತು ಒಂದೇ. ಆ ಹೊಲದಿಂದ ಹೆದ್ದಾರಿಗೆ ಬಾಗಿಲು ಎಲ್ಲಿ, ವಾಹನ ಎಲ್ಲಿ ತಿರುಗಬೇಕು, ಜನ ಎಲ್ಲಿ ದಾಟಬೇಕು ಎಂಬುದು ನಕ್ಷೆಗೆ ಒಪ್ಪಿಗೆ ಬೀಳುವ ದಿನವೇ ನಿರ್ಧಾರವಾಗುತ್ತದೆ. ಆಮೇಲೆ ನಡೆಯುವ ಅಪಘಾತಗಳಲ್ಲಿ ಅನೇಕವು ಆ ದಿನದ ಫಲ. ಒಪ್ಪಿಗೆಗೆ ಮೊದಲು ಕೇಳುವ ಹಕ್ಕನ್ನು ಕಾಯ್ದೆ ನಿಮಗೆ ಕೊಟ್ಟಿದೆ. ಅದನ್ನು ಬಳಸಿಕೊಳ್ಳಬೇಕು.

ಅಪಘಾತಗಳ ಪಾಠ

2022ರ ಜೂನ್ 3ರ ಬೆಳಗಿನ ಘಟನೆಯನ್ನು ಈ ಭಾಗದವರು ಮರೆತಿರಲಾರರು. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ, ಸೇತುವೆಯಿಂದ ಕೆಳಗೆ ಉರುಳಿ ಬೆಂಕಿ ಹತ್ತಿತು. ಏಳು ಮಂದಿ ಸುಟ್ಟು ಸತ್ತರು. 2024ರ ನವೆಂಬರಿನಲ್ಲಿ ಇದೇ ತಾಲ್ಲೂಕಿನಲ್ಲಿ ಕಾರು ಮತ್ತು ಸರಕು ವಾಹನ ಡಿಕ್ಕಿಯಾಗಿ ನಾಲ್ವರು ತೀರಿಕೊಂಡರು.

ಕಲಬುರಗಿಯ ಬೇರೆ ರಸ್ತೆಗಳ ಕಥೆಯೂ ಬೇರೆಯಲ್ಲ. 2020ರ ಸೆಪ್ಟೆಂಬರ್ 27ರಂದು ಸಾವಳಗಿಯ ಹತ್ತಿರ ಗರ್ಭಿಣಿಯೊಬ್ಬರನ್ನು ಆಸ್ಪತ್ರೆಗೆ ಕರೆತರುತ್ತಿದ್ದ ಕಾರು ನಿಂತ ಲಾರಿಗೆ ಬಡಿದು ಏಳು ಮಂದಿ ಸತ್ತರು. 2025ರ ಏಪ್ರಿಲ್ 5ರಂದು ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸಿನ ಬಳಿ ವ್ಯಾನೊಂದು ನಿಂತ ಲಾರಿಗೇ ಬಡಿದು ಐವರು ಸತ್ತರು. ಎರಡು ಕಡೆಯೂ ಚಲಿಸುವ ವಾಹನ ನಿಂತ ಲಾರಿಗೆ ಬಡಿದಿದೆ ಎಂಬುದನ್ನು ಗಮನಿಸಿರಿ. ಲಾರಿ ನಿಲ್ಲಲು ಒಳಗೆ ಜಾಗವಿಲ್ಲದ ಢಾಬಾ, ಗೋದಾಮುಗಳಿಗೆ ಹೆದ್ದಾರಿಯ ಮೇಲೆ ಒಪ್ಪಿಗೆ ಕೊಟ್ಟರೆ ಲಾರಿಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಯಾರೂ ಊಹಿಸಬಹುದು.

ದೇಶದ ಲೆಕ್ಕವನ್ನೂ ತಿಳಿದಿರಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕರ್ನಾಟಕದ ಪಾಲು 11 ಸಾವಿರದ 700ರಷ್ಟು. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಉದ್ದ ನೂರಕ್ಕೆ ಎರಡರಷ್ಟು ಮಾತ್ರ. ಸಾವಿನಲ್ಲಿ ಅದರ ಪಾಲು ನೂರಕ್ಕೆ 36. ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಮೂರರಲ್ಲಿ ಎರಡು ಪಾಲು ಸಾವು ನಡೆದದ್ದು ಗ್ರಾಮೀಣ ಪ್ರದೇಶದಲ್ಲಿ. ಅಪಘಾತವೆಂದರೆ ಪಟ್ಟಣದವರ ಕಷ್ಟವೆಂದು ತಿಳಿದವರು ಈ ಕೊನೆಯ ಮಾತನ್ನು ಎರಡು ಬಾರಿ ಓದತಕ್ಕದ್ದು.

ಹತ್ತು ಸೆಕೆಂಡಿನ ಲೆಕ್ಕ

ತೊಗರಿ ಚೀಲ ತುಂಬಿದ ಟ್ರ್ಯಾಕ್ಟರೂ ಟ್ರೇಲರೂ ಸೇರಿ ಎಂಟು ಒಂಬತ್ತು ಮೀಟರು ಉದ್ದವಾಗುತ್ತವೆ. ರಸ್ತೆಯ ಅಗಲ, ಅಂಚು ಸೇರಿ ಹತ್ತು ಹನ್ನೊಂದು ಮೀಟರು ಎನ್ನೋಣ. ನಿಂತ ಟ್ರ್ಯಾಕ್ಟರು ಭಾರ ಎಳೆದುಕೊಂಡು ಹೊರಟು ಹಿಂಬದಿ ಪೂರ್ತಿ ರಸ್ತೆ ದಾಟಬೇಕಾದರೆ ಸುಮಾರು ಇಪ್ಪತ್ತು ಮೀಟರು ಸಾಗಬೇಕು. ಸೆಕೆಂಡಿಗೆ ಎರಡು ಮೀಟರಿನಂತೆ ಹತ್ತು ಸೆಕೆಂಡು ಹಿಡಿಯುತ್ತದೆ.

ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬರುವ ಬಸ್ಸು ಆ ಹತ್ತು ಸೆಕೆಂಡಿನಲ್ಲಿ 222 ಮೀಟರು ಬರುತ್ತದೆ. ನೀವು ಹೊರಡುವಾಗ ಎರಡು ಹೊಲದಾಚೆ ಕಂಡ ಬಸ್ಸು ನಿಮ್ಮ ಟ್ರೇಲರು ನಡುರಸ್ತೆಯಲ್ಲಿರುವಾಗಲೇ ಬಂದು ಮುಟ್ಟಬಹುದು. ಚಾಲಕ ನಿಮ್ಮನ್ನು ಕಂಡು ಬ್ರೇಕು ಒತ್ತಿ ನಿಲ್ಲಿಸಲು 80 ಕಿಲೋಮೀಟರು ವೇಗಕ್ಕೆ 120 ಮೀಟರು, 100 ಕಿಲೋಮೀಟರು ವೇಗಕ್ಕೆ 180 ಮೀಟರು ದೂರ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಅಷ್ಟು ದೂರದಿಂದ ಅವನಿಗೆ ನೀವು ಕಾಣಬೇಕು. ತಿರುವಿನ ಬದಿಗೆ ಕಾಂಪೌಂಡು ಗೋಡೆ ಎದ್ದರೆ, ಜಾಹೀರಾತಿನ ಫಲಕ ನಿಂತರೆ, ಲಾರಿಗಳ ಸಾಲು ನಿಂತರೆ ನೀವು ಅವನಿಗೆ ಕಾಣುವುದಿಲ್ಲ, ಅವನೂ ನಿಮಗೆ ಕಾಣುವುದಿಲ್ಲ. ಹೈದರಾಬಾದಿನಿಂದಲೋ ಗೋವಾದಿಂದಲೋ ಬರುವ ಚಾಲಕನಿಗೆ ನಮ್ಮ ಊರಿನ ಅಡ್ಡದಾರಿ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಬಾಗಿಲು ಎಷ್ಟು ಇರಬೇಕು?

ಕಾಲುವೆಯ ಉದಾಹರಣೆ ತೆಗೆದುಕೊಳ್ಳಿರಿ. ಹತ್ತು ಜನ ಹತ್ತು ಕಡೆ ದಂಡೆ ಒಡೆದು ನೀರು ಬಿಟ್ಟುಕೊಂಡರೆ ಕಾಲುವೆಯೂ ಕೆಡುತ್ತದೆ, ಕೊನೆಯ ಹೊಲಕ್ಕೆ ನೀರೂ ಮುಟ್ಟುವುದಿಲ್ಲ. ಒಂದು ತೂಬು ಇಟ್ಟು ಹೊಲಗಾಲುವೆ ತೆಗೆದು ಹತ್ತು ಜನಕ್ಕೂ ಹಂಚಿದರೆ ಎಲ್ಲರ ಪೈರೂ ಬೆಳೆಯುತ್ತದೆ. ಹೆದ್ದಾರಿಯ ರೀತಿಯೂ ಹೀಗೆಯೇ. ಹತ್ತು ಪ್ಲಾಟಿನವರು ಹತ್ತು ಬಾಗಿಲನ್ನು ನೇರವಾಗಿ ಹೆದ್ದಾರಿಗೆ ತೆರೆದರೆ ಡಿಕ್ಕಿಗೆ ಹತ್ತು ಎಡೆ ಆಗುತ್ತದೆ. ಹೆದ್ದಾರಿಯ ಪಕ್ಕಕ್ಕೆ ಒಂದು ಸರ್ವಿಸ್ ರಸ್ತೆ ಮಾಡಿ, ಎಲ್ಲ ಬಾಗಿಲುಗಳನ್ನೂ ಅದಕ್ಕೆ ತೆರೆದು, ದೂರದಿಂದ ಕಾಣುವ ಒಂದೇ ಕಡೆ ಹೆದ್ದಾರಿಗೆ ಕೂಡಿಸಿದರೆ ಅಲ್ಲಿ ದೀಪ ಹಾಕಬಹುದು, ಫಲಕ ನಿಲ್ಲಿಸಬಹುದು, ವೇಗ ತಗ್ಗಿಸಬಹುದು.

ಈ ಸರ್ವಿಸ್ ರಸ್ತೆಗೆ ಜಾಗ ಬಿಡಿಸುವುದು ಹೊಲ ಖಾಲಿ ಇರುವಾಗ ಸುಲಭ. ಮನೆ ಕಟ್ಟಿದ ಮೇಲೆ ಒಡೆಯಬೇಕು, ಪರಿಹಾರ ಕೊಡಬೇಕು, ಕೋರ್ಟಿಗೆ ಅಲೆಯಬೇಕು. ಆಗ ಸರ್ಕಾರಕ್ಕೂ ಆಗುವುದಿಲ್ಲ, ಊರವರಿಗೂ ಆಗುವುದಿಲ್ಲ.

ಅಪಘಾತ ತಡೆಯಲು ಸರ್ಕಾರ ಏನೂ ಮಾಡುತ್ತಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದ ತುಂಡಿನಲ್ಲಿ ಮೂರು ವರ್ಷಗಳಲ್ಲಿ ಸಾವು ಇಲ್ಲವೆ ಭಾರಿ ಗಾಯವಾದ ಐದು ಅಪಘಾತಗಳು ನಡೆದಿದ್ದರೆ, ಅಥವಾ ಹತ್ತು ಜನ ಸತ್ತಿದ್ದರೆ, ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿ ಸರಿಪಡಿಸುವ ಪದ್ಧತಿಯಿದೆ. ಪದ್ಧತಿ ಒಳ್ಳೆಯದೇ. ಆದರೆ ಹೊಸ ಬಡಾವಣೆಯ ಬಾಗಿಲಿನಲ್ಲಿ ಇನ್ನೂ ಯಾರೂ ಸತ್ತಿರುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರೂ ಇರುವುದಿಲ್ಲ. ಹೆಸರು ಸೇರಬೇಕಾದರೆ ಹೆಣಗಳು ಬೀಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದೆಂದರೆ ನಕ್ಷೆಯ ಹಂತದಲ್ಲಿಯೇ ಪರಿಶೀಲನೆ ನಡೆಯಬೇಕು.

ಕಾಯ್ದೆಯಲ್ಲಿ ಏನಿದೆ?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ 1961ರಲ್ಲಿ ಬಂದದ್ದು. ಕಲಬುರಗಿ ನಗರ ಮತ್ತು ಸುತ್ತಲಿನ ಯೋಜನಾ ಪ್ರದೇಶಕ್ಕೆ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರವು ಈ ಕಾಯ್ದೆಯಂತೆ ಕೆಲಸ ಮಾಡುತ್ತದೆ. ನಿಮ್ಮ ಮಾತು ನಡೆಯುವ ಸಂದರ್ಭಗಳು ಹೀಗಿವೆ.

ಮೊದಲನೆಯದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಯಾವ ಊರಿನ ಯಾವ ಸರ್ವೆ ನಂಬರು ವಸತಿಗೆ, ಯಾವುದು ಕೈಗಾರಿಕೆಗೆ, ಯಾವುದು ಕೃಷಿಗೆ, ರಸ್ತೆ ಎಷ್ಟು ಅಗಲ ಎಂಬುದೆಲ್ಲ ಇದರಲ್ಲಿ ಬರೆದಿರುತ್ತದೆ. ಇದನ್ನು ಪರಿಷ್ಕರಿಸುವಾಗ ಕರಡನ್ನು ಜನರಿಗೆ ನೋಡಲು ಇಡಬೇಕು, ಅಭಿಪ್ರಾಯ ಬರೆದುಕೊಡಲು 60 ದಿನ ಅವಕಾಶ ಕೊಡಬೇಕು.

ಎರಡನೆಯದು ಭೂ ಉಪಯೋಗ ಬದಲಾವಣೆ. ಕೃಷಿಗೆಂದು ಗುರುತಿಸಿದ ಹೊಲವನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸಬೇಕಾದರೆ 14-ಎ ಕಲಮಿನಂತೆ ಆ ಪ್ರಸ್ತಾವವನ್ನು ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನದೊಳಗೆ ತಕರಾರು ಸಲ್ಲಿಸಲು ಜನರನ್ನು ಕೇಳಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕೆಂದು ಕಲಮಿನಲ್ಲಿಯೇ ಹೇಳಿದೆ. ಶಾಲೆಗೆ ಹೋಗುವ ಮಗು ರಸ್ತೆ ದಾಟುವುದು ಸಾರ್ವಜನಿಕ ಹಿತದ ಮಾತಲ್ಲವೇ?

ಮೂರನೆಯದು ಬಡಾವಣೆಯ ನಕ್ಷೆ. ಹೊಲವನ್ನು ನಿವೇಶನಗಳಾಗಿ ಒಡೆಯಲು 17ನೇ ಕಲಮಿನಂತೆ ಒಪ್ಪಿಗೆ ಬೇಕು. ಒಳರಸ್ತೆಗಳು ಎಷ್ಟು ಅಗಲ, ಅವು ಎಲ್ಲಿ ಹೊರರಸ್ತೆಗೆ ಕೂಡುತ್ತವೆ ಎಂಬುದು ಈ ನಕ್ಷೆಯಲ್ಲಿ ಕಾಣುತ್ತದೆ.

ಪ್ರಾಧಿಕಾರದ ವ್ಯಾಪ್ತಿಯ ಹೊರಗಿನ ಊರಾದರೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಕಚೇರಿ, ತಹಸೀಲ್ದಾರ ಕಚೇರಿ, ಸ್ಥಳೀಯ ಸಂಸ್ಥೆ ಇವುಗಳಲ್ಲಿ ವಿಚಾರಿಸಬೇಕು. ಗ್ರಾಮ ಪಂಚಾಯತಿಯ ಎಲ್ಲೆಯಲ್ಲಿ ಕಟ್ಟಡ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಪಂಚಾಯತಿಯ ಅನುಮತಿ ಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ. ಮನೆಯ ಪಟ್ಟಿ, ಪಿಂಚಣಿಯ ಪಟ್ಟಿ ಕೇಳುವ ಗ್ರಾಮಸಭೆಯಲ್ಲಿ ರಸ್ತೆ ಬದಿಯ ಹೊಸ ಕಟ್ಟಡಗಳ ಪಟ್ಟಿಯನ್ನೂ ಕೇಳಬಹುದು.

ಹೆದ್ದಾರಿಯ ಕಾಯ್ದೆ ಬೇರೆಯೇ ಇದೆ. ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ, 2002ರಂತೆ ಹೆದ್ದಾರಿ ಆಡಳಿತದ ಅನುಮತಿ ಇಲ್ಲದೆ ಹೆದ್ದಾರಿಗೆ ಹೊಸದಾಗಿ ದಾರಿ ತೆರೆಯುವಂತಿಲ್ಲ. ಬಂಕು, ಹೋಟೆಲು, ಖಾಸಗಿ ಆಸ್ತಿಗಳ ದಾರಿ ಹೇಗಿರಬೇಕೆಂದು 2020ರ ಜೂನ್ 26ರಂದು ಕೇಂದ್ರ ಸಚಿವಾಲಯ ಮಾರ್ಗಸೂಚಿ ಹೊರಡಿಸಿದೆ. ಕೂಡುರಸ್ತೆಯಿಂದ ದೂರ ಎಷ್ಟು, ವಾಹನ ನಿಧಾನಿಸಿ ಒಳಬರಲು ಪ್ರತ್ಯೇಕ ಪಟ್ಟಿ ಹೇಗೆ ಎಂಬುದು ಅದರಲ್ಲಿದೆ. ಊರ ಹೊರಗಿನ ಬಯಲು ಪ್ರದೇಶದಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಬರಬಾರದು, 75 ಮೀಟರಿನವರೆಗೆ ಕಟ್ಟಡಗಳ ಮೇಲೆ ನಿಯಂತ್ರಣ ಇರಬೇಕು ಎಂಬುದು ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ.

ಅಂದಮೇಲೆ ಕಾಯ್ದೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಎರಡು ಕಚೇರಿಗಳ ನಡುವೆ. ಒಬ್ಬರು ನಿವೇಶನದ ಅಳತೆ ನೋಡುತ್ತಾರೆ, ಇನ್ನೊಬ್ಬರು ಡಾಂಬರಿನ ಅಳತೆ ನೋಡುತ್ತಾರೆ. ನಿವೇಶನದಿಂದ ಡಾಂಬರಿಗೆ ಬರುವ ಮನುಷ್ಯನನ್ನು ನೋಡುವವರು ಯಾರು? ಬ್ರಿಟನ್ನಿನಲ್ಲಿ ರಸ್ತೆಯ ಮೇಲೆ ಪರಿಣಾಮ ಬೀರುವ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಯೋಜನಾ ಕಚೇರಿಯವರು ರಸ್ತೆ ಅಧಿಕಾರಿಯ ಅಭಿಪ್ರಾಯ ಕೇಳಲೇಬೇಕು. ಸ್ವೀಡನ್ ದೇಶದ ಪಾರ್ಲಿಮೆಂಟು 1997ರಲ್ಲಿ, ಮನುಷ್ಯ ತಪ್ಪುವುದು ಸಹಜ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆಯನ್ನು ರೂಪಿಸುವುದು ಸರ್ಕಾರದ ಹೊಣೆ ಎಂಬ ನೀತಿಯನ್ನು ಒಪ್ಪಿತು. ನಮ್ಮಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198-ಎ ಕಲಮು, ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿದ್ದರಿಂದ ಸಾವು ಅಥವಾ ಅಂಗವಿಕಲತೆ ಉಂಟಾದರೆ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಹೇಳುತ್ತದೆ. ಹೊಣೆ ಕೇವಲ ಚಾಲಕನದಲ್ಲ ಎಂಬುದನ್ನು ನಮ್ಮ ಕಾಯ್ದೆಯೂ ಒಪ್ಪಿಕೊಂಡಂತಾಯಿತು.

ಏನೇನು ಕೇಳಬೇಕು?

ನಕ್ಷೆ ನೋಡಲು ಹೋದಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

1. ಹೆದ್ದಾರಿಗೆ ತೆರೆಯುವ ಬಾಗಿಲುಗಳು ಎಷ್ಟು? ಒಂದೇ ಸಾಕಾಗುವುದಿಲ್ಲವೇ?

2. ಆ ಬಾಗಿಲು ತಿರುವಿನಲ್ಲಿದೆಯೇ, ಸೇತುವೆಯ ಬಾಯಲ್ಲಿದೆಯೇ, ದಿಬ್ಬದ ಮರೆಯಲ್ಲಿದೆಯೇ? ಎರಡೂ ಕಡೆಗೆ ಎಷ್ಟು ದೂರ ಕಾಣುತ್ತದೆ?

3. ಸರ್ವಿಸ್ ರಸ್ತೆಗೆ ಜಾಗ ಬಿಟ್ಟಿದ್ದಾರೆಯೇ? ಪಕ್ಕದ ಹೊಲ ನಾಳೆ ಬಡಾವಣೆಯಾದರೆ ಅದು ಮುಂದೆ ಕೂಡಿಕೊಳ್ಳುತ್ತದೆಯೇ?

4. ಹೆದ್ದಾರಿ ಅಧಿಕಾರಿಗಳ ಲಿಖಿತ ಅನುಮತಿ ಇದೆಯೇ? ಅದರ ನಂಬರು, ತಾರೀಖು ಏನು?

5. ಲಾರಿ, ಬಸ್ಸು, ಮದುವೆಯ ವಾಹನಗಳು ನಿಲ್ಲಲು ಒಳಗೆ ಜಾಗ ಎಷ್ಟು?

6. ಹೊಲಗಳಿಗೆ ಹೋಗುವ ಹಳೆಯ ಬಂಡಿ ದಾರಿಯನ್ನು ಗ್ರಾಮ ನಕಾಶೆಯಲ್ಲಿದ್ದಂತೆ ಉಳಿಸಿದ್ದಾರೆಯೇ? ಅದನ್ನು ಮುಚ್ಚಿದರೆ ಇಡೀ ಊರಿನ ಟ್ರ್ಯಾಕ್ಟರುಗಳು ಹೆದ್ದಾರಿಗೆ ಬರಬೇಕಾಗುತ್ತದೆ.

7. ಶಾಲೆಯ ಮಕ್ಕಳು, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ದನಕರು ಎಲ್ಲಿ ದಾಟಬೇಕು? ಬಸ್ಸು ಎಲ್ಲಿ ನಿಲ್ಲುತ್ತದೆ?

8. ನಾಲಾ ಮುಚ್ಚಿ ಮುರುಮು ಏರಿಸಿದ್ದಾರೆಯೇ? ಏರಿಸಿದರೆ ಮಳೆಗಾಲದಲ್ಲಿ ನೀರು ಎಲ್ಲಿಗೆ ಹರಿಯುತ್ತದೆ? ರಸ್ತೆಯ ಮೇಲೆ ನಿಂತ ನೀರೂ ಪ್ರಾಣಕ್ಕೆ ಅಪಾಯವೇ.

ತಕರಾರು ಅರ್ಜಿ ಹೀಗಿರಲಿ

ಅರ್ಜಿ ಬರೆಯಲು ವಕೀಲರೇ ಬೇಕೆಂದಿಲ್ಲ. ಒಂದು ಹಾಳೆ ಸಾಕು. ಮೇಲೆ ಪ್ರಾಧಿಕಾರದ ಆಯುಕ್ತರ ವಿಳಾಸ. ಕೆಳಗೆ ವಿಷಯ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಭೂ ಉಪಯೋಗ ಬದಲಾವಣೆಯ ಬಗ್ಗೆ ಇಂಥ ತಾರೀಖಿನ ಪತ್ರಿಕೆಯಲ್ಲಿ ಬಂದ ಪ್ರಕಟಣೆಗೆ ತಕರಾರು. ಬಳಿಕ ಹೀಗೆ ಬರೆಯಬಹುದು:

"ಸದರಿ ಜಮೀನು ರಾಷ್ಟ್ರೀಯ ಹೆದ್ದಾರಿಗೆ ಹೊಂದಿದ್ದು, ಇದರ ಎದುರಿಗೆ ನಮ್ಮ ಊರಿನ ಹೊಲಗಳ ದಾರಿ ಇರುತ್ತದೆ. ಇಲ್ಲಿ ತಿರುವು ಇರುವುದರಿಂದ ಬರುವ ವಾಹನಗಳು ದೂರದಿಂದ ಕಾಣುವುದಿಲ್ಲ. ಆದಕಾರಣ ಹೆದ್ದಾರಿ ಅಧಿಕಾರಿಗಳಿಂದ ಸ್ಥಳ ಪರಿಶೀಲನೆ ಮಾಡಿಸಿ, ಒಂದೇ ಬಾಗಿಲು, ಸರ್ವಿಸ್ ರಸ್ತೆ, ಒಳಗೆ ವಾಹನ ನಿಲುಗಡೆ ಇವುಗಳ ಷರತ್ತು ಹಾಕಿದ ಮೇಲೆಯೇ ಅನುಮತಿ ನೀಡಬೇಕೆಂದು ಕೋರುತ್ತೇವೆ. ನಮ್ಮನ್ನು ಕರೆದು ವಿಚಾರಿಸಬೇಕೆಂದೂ ವಿನಂತಿ."

ಹತ್ತು ಜನ ಸಹಿ ಹಾಕಿರಿ. ಅವಧಿಯೊಳಗೆ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ಇಲ್ಲವೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಕಾಯ್ದಿಡಿರಿ. ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಿರಿ. ಸುಪ್ರೀಂ ಕೋರ್ಟು 2017ರ ನವೆಂಬರ್ 30ರಂದು ನೀಡಿದ ನಿರ್ದೇಶನದಂತೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಹೆದ್ದಾರಿಯ ಅನುಮತಿ ಪತ್ರದ ನಕಲು ಕೇಳಿರಿ. ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಲಿ. 30 ದಿನದೊಳಗೆ ಉತ್ತರ ಕೊಡಬೇಕು. ಅಂಥ ಅನುಮತಿಯೇ ಇಲ್ಲವೆಂದು ಬರೆದುಕೊಟ್ಟರೆ ಆ ಕಾಗದವೇ ನಿಮ್ಮ ಮುಂದಿನ ಅರ್ಜಿಗೆ ಆಧಾರ.

ಹೊಲ ಮಾರುವವರಿಗೆ

ಈ ಮಾತು ಕೆಲವರಿಗೆ ಕಹಿಯಾದೀತು. ರಸ್ತೆ ಬದಿಯ ಹೊಲ ಮಾರುವವರು ಬಹುತೇಕ ನಮ್ಮವರೇ. ತಕರಾರು ಎಂದ ಕೂಡಲೇ ಬೆಲೆ ಬಿದ್ದೀತು, ಗಿರಾಕಿ ಓಡಿಹೋದಾನು ಎಂಬ ಅಂಜಿಕೆ ಅವರಿಗಿರುತ್ತದೆ. ಸಾಲ ತೀರಿಸಲು, ಮದುವೆ ಮಾಡಲು ಮಾರುವವನಿಗೆ ಈ ಅಂಜಿಕೆ ಸುಳ್ಳೆಂದು ಹೇಳಲಾಗದು. ಆದರೆ ಹೆದ್ದಾರಿಯ ಅನುಮತಿ ಇಲ್ಲದ ಬಾಗಿಲನ್ನು ಅಧಿಕಾರಿಗಳು ಯಾವಾಗ ಬೇಕಾದರೂ ಮುಚ್ಚಿಸಬಹುದು. ಮುಚ್ಚಿದ ಬಾಗಿಲಿನ ಪ್ಲಾಟಿಗೆ ಬೆಲೆ ಎಲ್ಲಿಯದು? ಸರಿಯಾದ ಸರ್ವಿಸ್ ರಸ್ತೆಯಿರುವ ಬಡಾವಣೆಗೆ ಹೆಂಡತಿ ಮಕ್ಕಳಿರುವ ಗಿರಾಕಿ ಎರಡು ಕಾಸು ಹೆಚ್ಚಾಗಿಯೇ ಕೊಡುತ್ತಾನೆ.

ಮಾರುವವರು ಖರೀದಿ ಪತ್ರದಲ್ಲಿ ಒಂದು ಸಾಲು ಬರೆಯಿಸಲು ಮರೆಯಬಾರದು. ಹಿಂದಿನ ಹೊಲಗಳಿಗೆ ಹೋಗುವ ಬಂಡಿ ದಾರಿ ಇಷ್ಟು ಅಡಿ ಅಗಲ, ಇಂಥ ದಿಕ್ಕಿಗೆ ಇದ್ದು, ಅದನ್ನು ಮುಚ್ಚತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಇರಲಿ. ನೀವು ಹಣ ಎಣಿಸಿಕೊಂಡು ಹೊರಟ ಮೇಲೆ ಹಿಂದಿನ ಹೊಲದ ನಿಮ್ಮ ಅಣ್ಣತಮ್ಮಂದಿರು ಅದೇ ದಾರಿಯಲ್ಲಿ ತಿರುಗಾಡಬೇಕು.

ನಮ್ಮ ಕಡೆಯ ಕರ್ತವ್ಯ

ಕೇಳುವವರ ಕೈಯೂ ಶುದ್ಧವಿರಬೇಕು. ಡಾಂಬರಿನ ಮೇಲೆ ತೊಗರಿ, ಜೋಳ, ಸೋಯಾ ರಾಶಿ ಹಾಕಿ, ಸುತ್ತಲೂ ಕಲ್ಲು ಇಡುವ ರೂಢಿ ಇನ್ನೂ ಹೋಗಿಲ್ಲ. ರಾಶಿ ಎತ್ತಿದ ಮೇಲೆ ಕಲ್ಲು ಅಲ್ಲಿಯೇ ಉಳಿಯುತ್ತದೆ, ರಾತ್ರಿ ಮೋಟಾರು ಸೈಕಲ್ಲಿನವನು ಅದಕ್ಕೆ ಬೀಳುತ್ತಾನೆ. ಊರಿಗೊಂದು ಒಕ್ಕಲು ಕಣ ಮಾಡಿಸಿಕೊಡಲು ಪಂಚಾಯತಿಯನ್ನು ಒತ್ತಾಯಿಸುವುದು ಸರಿಯಾದ ಮಾರ್ಗ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಹಚ್ಚಲು ತಗಲುವ ಖರ್ಚು ಅರ್ಧ ದಿನದ ಕೂಲಿಯಷ್ಟೂ ಆಗದು. ಕೆಟ್ಟು ನಿಂತ ಟ್ರ್ಯಾಕ್ಟರನ್ನು ಕತ್ತಲಾಗುವ ಮೊದಲೇ ರಸ್ತೆಯಿಂದ ಕೆಳಗಿಳಿಸಬೇಕು. ಕಡ್ಡಿ, ಕಣಿಕೆ, ಕಬ್ಬು ಹೊತ್ತ ಬಂಡಿ ರಾತ್ರಿ ಹೊರಡುವಾಗ ಹಿಂದೆ ದೀಪ ಕಟ್ಟಿರಬೇಕು. ಗಂಜಿನಿಂದ ಮರಳುವಾಗ ತಲೆಗೆ ಹೆಲ್ಮೆಟ್ ಇರಬೇಕು. ಇಷ್ಟನ್ನು ನಾವು ಮಾಡಿದರೆ ಅಧಿಕಾರಿಗಳ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ.

ಪ್ರಾಧಿಕಾರದವರಿಗೂ ಒಂದು ವಿನಂತಿ. ಹೆದ್ದಾರಿಗೆ ಹೊಂದಿದ ಪ್ರತಿಯೊಂದು ಕಡತದಲ್ಲಿಯೂ ಹೆದ್ದಾರಿ ಅಧಿಕಾರಿಯ ಮತ್ತು ಸಂಚಾರ ಪೊಲೀಸರ ಅಭಿಪ್ರಾಯದ ಹಾಳೆ ಇರಲಿ. ಅದು ಬರುವ ತನಕ ನಕ್ಷೆಗೆ ಸಹಿ ಬೀಳದಿರಲಿ. ಪತ್ರಿಕಾ ಪ್ರಕಟಣೆಯ ನಕಲನ್ನು ಆ ಊರಿನ ಪಂಚಾಯತಿ ಫಲಕಕ್ಕೂ ವಾಚನಾಲಯಕ್ಕೂ ಕಳುಹಿಸಲಿ. ಸರ್ವೆ ನಂಬರಿನ ಜೊತೆಗೆ, ಇಂಥ ಕ್ರಾಸಿನಿಂದ ಇಷ್ಟು ದೂರ, ಇಂಥ ಬಾವಿಯ ಎದುರು ಎಂದು ಊರವರಿಗೆ ತಿಳಿಯುವ ಗುರುತನ್ನೂ ಬರೆಯಲಿ. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.

ವಾಚನಾಲಯದಲ್ಲಿ ಕುಳಿತು ಈ ಪುಟ ಓದುತ್ತಿರುವವರು ಧಾರಣೆಯ ಪಟ್ಟಿ ನೋಡುತ್ತೀರಿ, ಮಳೆಯ ಸುದ್ದಿ ನೋಡುತ್ತೀರಿ. ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆಗಳನ್ನು ಯಾರೂ ಓದುವುದಿಲ್ಲವಾದ್ದರಿಂದ ಹದಿನೈದು ದಿನ ಸದ್ದಿಲ್ಲದೆ ಕಳೆದುಹೋಗುತ್ತವೆ. ಕಣ್ಣು ಚುರುಕಿರುವ, ಓದು ಬಲ್ಲ ಒಬ್ಬ ಯುವಕನಿಗೋ ಯುವತಿಗೋ ಈ ಕೆಲಸ ಒಪ್ಪಿಸಿರಿ. ದಿನವೂ ಆ ಪ್ರಕಟಣೆಗಳನ್ನು ನೋಡಿ, ನಮ್ಮ ಊರಿನ, ನೆರೆಯೂರಿನ ಸರ್ವೆ ನಂಬರು ಬಂದರೆ ಕತ್ತರಿಸಿ ಫಲಕಕ್ಕೆ ಅಂಟಿಸಿ, ಕೊನೆಯ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆಯಲಿ. ಆ ತಾರೀಖಿಗೆ ಮೊದಲು ನಾಲ್ಕು ಜನ ಸ್ಥಳಕ್ಕೆ ಹೋಗಿ ರಸ್ತೆಯ ಬದಿಗೆ ನಿಂತು, ಎರಡೂ ಕಡೆಗೆ ಎಷ್ಟು ದೂರ ಕಾಣುತ್ತದೆಂದು ಹೆಜ್ಜೆ ಹಾಕಿ ಅಳೆದು, ಅರ್ಜಿ ಬರೆಯಲಿ. ಈ ಹಂಗಾಮಿನ ತೊಗರಿ ಗಂಜಿಗೆ ಹೊರಡುವ ಮೊದಲೇ ಈ ಕೆಲಸ ಆರಂಭವಾಗಲಿ.